ವಿಶ್ರಾಂತಿಯೆಂಬ ವ್ರತ



ಈ ಸಂಜೆ ನಾವು ಮಾತನಾಡಲು ಆರಿಸಿಕೊಂಡಿರುವ ವಿಷಯ ವಿಶ್ರಾಂತಿ. ದಿನದ ಕೆಲಸವನ್ನು ಮುಗಿಸಿ, ಕಾಲು ಚಾಚಿ ಕುಳಿತು, ಕಾಫಿಯ ಲೋಟವನ್ನು ಪಕ್ಕದಲ್ಲಿಟ್ಟುಕೊಂಡು ಈ ಮಾತನ್ನು ಕೇಳುತ್ತಿರುವವರಿಗೆ ವಿಶ್ರಾಂತಿಯ ವಿಚಾರವನ್ನು ಹೇಳಹೊರಡುವುದು ಉಂಡೆದ್ದವರ ಮುಂದೆ ಊಟದ ವರ್ಣನೆ ಮಾಡಿದಂತೆ ತೋರಬಹುದು. ಆದರೆ ನಾವು ಹೇಳಬೇಕೆಂದಿರುವುದು ಈ ಅರ್ಧ ಗಂಟೆಯ ವಿರಾಮವನ್ನು ಕುರಿತಲ್ಲ. ಭಾನುವಾರ ಮಧ್ಯಾಹ್ನದ ನಿದ್ರೆಯನ್ನು ಕುರಿತೂ ಅಲ್ಲ. ಎರಡು ತಿಂಗಳು, ಮೂರು ತಿಂಗಳು, ನಾಲ್ಕು ತಿಂಗಳು, ಹೀಗೆ ದೀರ್ಘಕಾಲ, ತಿಳಿದು, ಸಂಕಲ್ಪಮಾಡಿ, ಒಂದು ಕಡೆ ನೆಲೆನಿಂತು ಪಡೆಯುವ ವಿಶ್ರಾಂತಿಯನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ. ಅಂಥ ವಿಶ್ರಾಂತಿ ದೇಹಕ್ಕೆ ಹಿತವೆಂಬುದನ್ನು ವೈದ್ಯರು ಹೇಳಿಯಾರು. ಆತ್ಮಕ್ಕೆ ಅದರಿಂದ ಏನು ಪ್ರಯೋಜನ ಎಂಬುದೇ ನಮ್ಮ ಪ್ರಶ್ನೆ.

ಪಟ್ಟಣವಾಸಿಗಳಾದ ನಮ್ಮಲ್ಲಿ ಇಬ್ಬರು ಪರಿಚಿತರು ದಾರಿಯಲ್ಲಿ ಎದುರಾದರೆ ಮೊದಲು ಆಡುವ ಮಾತು "ಏನು ಮಾಡಲಿ, ಬಿಡುವೇ ಇಲ್ಲ" ಎಂಬುದು. ಈ ಮಾತಿನಲ್ಲಿ ದೂರು ಅರ್ಧವಾದರೆ ಹೆಮ್ಮೆ ಇನ್ನರ್ಧ. ಬಿಡುವಿಲ್ಲದವನು ದೊಡ್ಡವನು; ಬಿಡುವಿರುವವನು ಬೇಡವಾದವನು. ಹೀಗೆ ನಾವು ತಿಳಿದಿದ್ದೇವೆ. ವಿಶ್ರಾಂತಿಗೆ ನಾವು ಕೊಟ್ಟಿರುವ ಸ್ಥಾನವೆಂದರೆ ಗಾಡಿಯ ಗಾಲಿಗೆ ಹಾಕುವ ಕೀಲೆಣ್ಣೆಯ ಸ್ಥಾನ. ಗಾಡಿ ಮತ್ತೆ ಓಡಲೆಂದು ಎಣ್ಣೆ. ಎಣ್ಣೆಗಾಗಿ ಗಾಡಿಯನ್ನು ನಿಲ್ಲಿಸುವ ಹೊತ್ತು ಎಷ್ಟು ಕಡಿಮೆಯಾದರೆ ಅಷ್ಟು ಲಾಭ. ನಾಳೆಯ ಕೆಲಸಕ್ಕಾಗಿ ಇಂದಿನ ನಿದ್ರೆ, ಬರುವ ವರ್ಷದ ಕೆಲಸಕ್ಕಾಗಿ ಈ ವರ್ಷದ ರಜೆ ಎಂಬುದು ನಮ್ಮ ಲೆಕ್ಕ.

ನಮ್ಮ ಹಿರಿಯರ ಲೆಕ್ಕ ಬೇರೆಯಾಗಿತ್ತೆಂಬುದಕ್ಕೆ ಮಾತೇ ಒಂದು ಸಾಕ್ಷಿಯನ್ನು ಹೇಳುತ್ತದೆ. ವಿಶ್ರಾಂತಿ ಎಂಬ ಪದದಲ್ಲಿರುವ ಧಾತು ಶ್ರಮ ಎಂಬ ಪದದಲ್ಲಿಯೂ ಉಂಟು. ಅದೇ ಧಾತುವಿನಿಂದ ಶ್ರಮಣ ಎಂಬ ಪದವೂ ಹುಟ್ಟಿತು. ಜೈನ ಮುನಿಗೂ ಬೌದ್ಧ ಭಿಕ್ಷುವಿಗೂ ಈ ಹೆಸರು ಸಂದಿತು. ಶ್ರಮಿಸುವವನು, ತಪಸ್ಸಿನಲ್ಲಿ ಮೈದಣಿಸುವವನು ಎಂಬುದು ಅದರ ಅರ್ಥ. ಆಶ್ರಮ ಎಂಬ ಪದದ ಬೇರೂ ಅದೇ. ಶ್ರಮವೂ ಆಶ್ರಮವೂ ಶ್ರಮಣನೂ ವಿಶ್ರಾಂತಿಯೂ ಒಂದೇ ಮನೆಯ ಮಕ್ಕಳು. ಶ್ರಮಣನೆಂದು ಹೆಸರಾದವನೇ ವರ್ಷಕ್ಕೊಮ್ಮೆ ನಿಯಮದಿಂದ ನಿಲ್ಲುತ್ತಿದ್ದನೆಂಬುದನ್ನು ನೋಡಿದರೆ, ನಿಲ್ಲುವುದೂ ಅವನ ಶ್ರಮದ ಒಂದು ಭಾಗವಾಗಿತ್ತೆಂದು ಊಹಿಸಬಹುದು. ಆ ವಿಚಾರಕ್ಕೆ ಬರುವ ಮೊದಲು ನಮ್ಮ ಸ್ವಂತ ಅನುಭವವೊಂದನ್ನು ಹೇಳಲು ಶ್ರೋತೃಗಳು ಅನುಮತಿ ಕೊಡಬೇಕು. ಅದು ದೊಡ್ಡ ಅನುಭವವಲ್ಲ. ಆದರೆ ಪುಸ್ತಕದಲ್ಲಿ ಓದಿದ್ದು ನಮಗೆ ಅರ್ಥವಾದದ್ದು ಅದರಿಂದಲೇ.

ಕೆಲವು ವರ್ಷಗಳ ಹಿಂದೆ ನಮಗೆ ವಿಷಮಶೀತಜ್ವರ ಬಂದು, ಮೂರು ವಾರ ಮಲಗಿಸಿ, ಕೊನೆಗೆ ಬಿಟ್ಟುಹೋಯಿತು. ವೈದ್ಯರು ಎರಡು ತಿಂಗಳು ಕಾಲೇಜಿನ ಕಡೆ ತಲೆಹಾಕಕೂಡದೆಂದೂ, ಊರಿನಲ್ಲಿದ್ದರೆ ಸುಮ್ಮನಿರಲಾರಿರಿ, ಎಲ್ಲಿಯಾದರೂ ಹೋಗಿಬಿಡಿರೆಂದೂ ಅಪ್ಪಣೆ ಮಾಡಿದರು. ನಮ್ಮ ಅಕ್ಕನನ್ನು ಕೊಟ್ಟಿರುವುದು ಮಲೆನಾಡಿನ ಒಂದು ಹಳ್ಳಿಗೆ. ಪುನರ್ವಸು ಮಳೆ ಹಿಡಿದ ದಿವಸ ನಾವು ಅಲ್ಲಿಗೆ ಹೋಗಿ ಸೇರಿದೆವು. ಮಳೆಯೆಂದರೆ ಮೈಸೂರಿನ ಮಳೆಯಂತೆ ಬಂದುಹೋಗುವ ಮಳೆಯಲ್ಲ. ಮನೆಯ ಮುಂದಿನ ತೋಟವೇ ಕಾಣದಂತೆ ಹಗಲೂ ಇರುಳೂ ಒಂದೇ ಸಮನೆ ಸುರಿಯುವ ಮಳೆ. ಹಳ್ಳದಲ್ಲಿ ನೀರು ಏರಿ ಅಂಚೆಯವನು ಎಷ್ಟೋ ದಿವಸ ಈಚೆಗೆ ಬರಲಾಗುತ್ತಿರಲಿಲ್ಲ. ಓದೋಣವೆಂದರೆ ಮನೆಯಲ್ಲಿದ್ದ ಗ್ರಂಥ ಪಂಚಾಂಗವೊಂದೇ.

ಮೊದಲ ಮೂರು ವಾರ ನಾವು ಪಟ್ಟ ಪಾಡನ್ನು ವಿಶ್ರಾಂತಿಯೆಂದು ಕರೆದರೆ ಆ ಪದಕ್ಕೆ ಅಪಚಾರ. ಗಂಟೆಗೊಮ್ಮೆ ಗಡಿಯಾರ ನೋಡುವುದು. ಈಗ ಮೊದಲನೆಯ ಪಾಠ ಮುಗಿದಿರಬೇಕು, ಈಗ ಎರಡನೆಯದು ಆರಂಭವಾಗಿರಬೇಕು ಎಂದು ಲೆಕ್ಕಹಾಕುವುದು. ನಮ್ಮ ತರಗತಿಯನ್ನು ತೆಗೆದುಕೊಂಡ ಮಿತ್ರರು ಪಾಠವನ್ನು ಕೆಡಿಸುತ್ತಿದ್ದಾರೆಂದು ಒಮ್ಮೆ, ನಮಗಿಂತ ಚೆನ್ನಾಗಿ ಹೇಳುತ್ತಿದ್ದಾರೆಂದು ಇನ್ನೊಮ್ಮೆ ಕೊರಗುವುದು. ಅಕ್ಕನ ಮಾವನವರು, ಎಂಬತ್ತನ್ನು ದಾಟಿದವರು, ಕಂಬಳಿ ಹೊದ್ದು ಜಗಲಿಯ ಮೂಲೆಯಲ್ಲಿ ಕುಳಿತಿರುತ್ತಿದ್ದರು. ಒಂದು ದಿವಸ ನಾವು ಜಗಲಿಯ ಈ ತುದಿಯಿಂದ ಆ ತುದಿಗೆ ಶತಪಥ ಹಾಕುತ್ತಿದ್ದುದನ್ನು ನೋಡಿ ನೋಡಿ, "ಮೇಷ್ಟ್ರೇ, ಬಂದು ಇಪ್ಪತ್ತು ದಿನ ಆಯ್ತು. ಇನ್ನೂ ಊರು ಮುಟ್ಟಲಿಲ್ಲವಲ್ಲ ನೀವು!" ಎಂದರು. ನಮಗೆ ನಗು ಬಂತು. ಆಮೇಲೆ ಯೋಚನೆ ಬಂತು. ಮುದುಕರು ಹೇಳಿದ್ದು ನಿಜ. ದೇಹ ಬಂದು ಇಪ್ಪತ್ತು ದಿವಸವಾಗಿದ್ದರೂ ಮನಸ್ಸು ಇನ್ನೂ ದಾರಿಯಲ್ಲಿಯೇ ಇತ್ತು.

ಇಂಗ್ಲಿಷ್ ಸಾಹಿತ್ಯದ ಪರಿಚಯವುಳ್ಳವರಿಗೆ ಇಲ್ಲಿ ಚಾರ್ಲ್ಸ್ ಲ್ಯಾಮನ ನೆನಪಾಗದೆ ಇರದು. ಅವನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ೧೭೯೨ರಿಂದ ೧೮೨೫ರವರೆಗೆ, ಮೂವತ್ತಮೂರು ವರ್ಷ, ಗುಮಾಸ್ತನಾಗಿ ಲೆಕ್ಕ ಬರೆದವನು. ನಮ್ಮ ದೇಶದಿಂದ ಹೋದ ಸರಕುಗಳ ಲೆಕ್ಕವೂ ಆ ಪುಸ್ತಕಗಳಲ್ಲಿ ಸೇರಿತ್ತು. ನಿವೃತ್ತಿವೇತನ ಪಡೆದು ಹೊರಗೆ ಬಂದ ವರ್ಷವೇ ಅವನು ನಿವೃತ್ತ ಗುಮಾಸ್ತನೊಬ್ಬನನ್ನು ಕುರಿತು ಒಂದು ಪ್ರಬಂಧ ಬರೆದ. ಮೇಲುನೋಟಕ್ಕೆ ಹಾಸ್ಯ, ಒಳಗೆ ನೋವು. ಬಿಡುಗಡೆ ದೊರೆತ ಆ ಗುಮಾಸ್ತನಿಗೆ ಮೊದಲು ಸಂತೋಷವಾಗುವುದಿಲ್ಲ, ದಿಗ್ಭ್ರಮೆಯಾಗುತ್ತದೆ. ದೀರ್ಘಕಾಲ ಸೆರೆಯಲ್ಲಿದ್ದವನನ್ನು ಒಮ್ಮೆಗೇ ಬಯಲಿಗೆ ಬಿಟ್ಟರೆ ಹೇಗೋ ಹಾಗೆ. ಕೆಲಸದಲ್ಲಿದ್ದಾಗ ದೊರೆಯುತ್ತಿದ್ದ ವರ್ಷಕ್ಕೊಂದು ವಾರದ ರಜೆಯಾದರೋ, ಸುಖವನ್ನು ಅಟ್ಟಿಕೊಂಡು ಓಡುವುದರಲ್ಲಿಯೇ ತೀರಿಹೋಗುತ್ತಿತ್ತು. ಒಂದು ವಾರದ ರಜೆ ಏಕೆ ಸಾಲದು ಎಂಬುದು ಇದರಿಂದ ತಿಳಿಯುತ್ತದೆ. ಓಡುತ್ತಿರುವ ಬಂಡಿಯ ಎತ್ತನ್ನು ಬಿಚ್ಚಿದ ಮಾತ್ರಕ್ಕೆ ಗಾಲಿ ನಿಲ್ಲದು. ತನ್ನ ವೇಗದಿಂದ ಅದು ಸ್ವಲ್ಪ ದೂರ ಉರುಳಿಯೇ ತೀರುತ್ತದೆ. ಗಾಲಿ ನಿಲ್ಲುವ ಹೊತ್ತಿಗೆ ನಮ್ಮ ರಜೆ ಮುಗಿದಿರುತ್ತದೆ. ಹಾಗಾದರೆ ವಿಶ್ರಾಂತಿ ಆರಂಭವಾದದ್ದು ಯಾವಾಗ?

ಈ ವಿಷಯವನ್ನು ನಮ್ಮ ದೇಶದ ಪರಿವ್ರಾಜಕರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಭಗವಾನ್ ಬುದ್ಧನು ರಾಜಗೃಹದ ವೇಣುವನದಲ್ಲಿದ್ದ ಕಾಲ. ಮಳೆಗಾಲದಲ್ಲಿ ನಿಲ್ಲಬೇಕೆಂಬ ನಿಯಮ ಭಿಕ್ಷುಗಳಿಗೆ ಇನ್ನೂ ಏರ್ಪಟ್ಟಿರಲಿಲ್ಲ. ಅವರು ಚಳಿ, ಬೇಸಗೆ, ಮಳೆ ಎನ್ನದೆ ಸಂಚರಿಸುತ್ತಿದ್ದರು. ಜನ ಆಕ್ಷೇಪಿಸಿದರು: ಈ ಶಾಕ್ಯಪುತ್ರರು ಹಸಿರು ಹುಲ್ಲನ್ನು ತುಳಿಯುತ್ತ, ಸಣ್ಣ ಪ್ರಾಣಿಗಳನ್ನು ಕೊಲ್ಲುತ್ತ ಮಳೆಯಲ್ಲಿಯೂ ತಿರುಗುವುದೇಕೆ? ಬೇರೆ ಪಂಥದವರು ಒಂದೆಡೆ ನಿಲ್ಲುತ್ತಾರೆ. ಹಕ್ಕಿಗಳು ಕೂಡ ಮರದ ಮೇಲೆ ಗೂಡು ಮಾಡಿ ನಿಲ್ಲುತ್ತವೆ. ಈ ಆಕ್ಷೇಪವನ್ನು ಕೇಳಿ ಬುದ್ಧನು ವರ್ಷಾವಾಸವನ್ನು ವಿಧಿಸಿದನು. ಆಷಾಢ ಪೂರ್ಣಿಮೆಯ ಮರುದಿನ, ತಪ್ಪಿದರೆ ಅದಕ್ಕೆ ಒಂದು ತಿಂಗಳ ಮೇಲೆ, ಭಿಕ್ಷು ಒಂದು ನೆಲೆಯನ್ನು ಹಿಡಿದು ಮೂರು ತಿಂಗಳು ಅಲ್ಲಿಯೇ ಇರಬೇಕು.

ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಭಿಕ್ಷುಗಳಿಗೆ ಆಯಾಸವಾಗಿದೆ, ಅವರು ದಣಿವಾರಿಸಿಕೊಳ್ಳಲಿ ಎಂಬ ಕಾರಣದಿಂದ ಈ ನಿಯಮ ಹುಟ್ಟಲಿಲ್ಲ. ನಮ್ಮ ನಡಿಗೆಯ ಕೆಳಗೆ ಸಿಕ್ಕಿ ಸಾಯುವ ಜೀವಗಳ ಸಲುವಾಗಿ ಹುಟ್ಟಿತು. ನಾವು ಧರ್ಮಕಾರ್ಯಕ್ಕಾಗಿಯೇ ಓಡಾಡುತ್ತಿರಬಹುದು. ಆದರೂ ನಮ್ಮ ಓಡಾಟ ಯಾವುದನ್ನಾದರೂ ತುಳಿಯುತ್ತಲೇ ಇರುತ್ತದೆ. ಓಡುತ್ತಿರುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ನಿಂತವನಿಗೆ ಮಾತ್ರ ತನ್ನ ಹೆಜ್ಜೆಯ ಕೆಳಗೇನಿತ್ತೆಂದು ಕಾಣುತ್ತದೆ.

ಜೈನಮುನಿಗಳ ವರ್ಷಾಯೋಗವೂ ಅಹಿಂಸೆಯನ್ನೇ ಅಡಿಪಾಯವಾಗಿ ಉಳ್ಳದ್ದು. ಶ್ವೇತಾಂಬರರ ಕಲ್ಪಸೂತ್ರವು ಮಹಾವೀರನ ಸಂನ್ಯಾಸಜೀವನದ ಮಳೆಗಾಲಗಳನ್ನು ಒಂದೊಂದಾಗಿ ಎಣಿಸಿ ಹೇಳುತ್ತದೆ: ರಾಜಗೃಹದಲ್ಲಿಯೂ ಅದರ ಹೊರವಲಯವಾದ ನಾಲಂದದಲ್ಲಿಯೂ ಹದಿನಾಲ್ಕು, ವೈಶಾಲಿಯಲ್ಲಿಯೂ ವಾಣಿಜಗ್ರಾಮದಲ್ಲಿಯೂ ಹನ್ನೆರಡು, ಮಿಥಿಲೆಯಲ್ಲಿ ಆರು, ಹೀಗೆ ಒಟ್ಟು ನಲವತ್ತೆರಡು, ಕೊನೆಯದು ನಿರ್ವಾಣವಾದ ಪಾವಾ ನಗರದಲ್ಲಿ. ಬೌದ್ಧರಲ್ಲಿಯೂ ಭಿಕ್ಷುವಿನ ಹಿರಿತನವನ್ನು ಅವನು ಕಳೆದ ವರ್ಷಾವಾಸಗಳ ಸಂಖ್ಯೆಯಿಂದ ಅಳೆಯುವುದು ಪದ್ಧತಿ. ವರ್ಷ ಎಂಬ ಸಂಸ್ಕೃತ ಪದಕ್ಕೆ ಮಳೆಯೆಂಬ ಅರ್ಥವೂ ಸಂವತ್ಸರವೆಂಬ ಅರ್ಥವೂ ಇರುವುದು ನಮಗೆಲ್ಲ ಗೊತ್ತು. ಇವರ ಪಾಲಿಗೆ ಅದು ಬರಿಯ ಶಬ್ದಾರ್ಥವಲ್ಲ. ಎಂಟು ಒಂಬತ್ತು ತಿಂಗಳು ನಡೆದ ಹರದಾರಿಗಳನ್ನು ಅವರು ಎಣಿಸಲಿಲ್ಲ. ನಿಂತ ಮೂರು ನಾಲ್ಕು ತಿಂಗಳನ್ನು ಎಣಿಸಿದರು. ನಮ್ಮ ಆಯುಸ್ಸನ್ನೂ ಹೀಗೆ ಎಣಿಸಹೊರಟರೆ ನಮ್ಮಲ್ಲಿ ಎಷ್ಟು ಜನ ಇನ್ನೂ ಒಂದು ವರ್ಷದ ಶಿಶುಗಳಾಗಿದ್ದೇವೆಯೋ!

ನಮ್ಮ ವೈದಿಕ ಸಂಪ್ರದಾಯದ ಚಾತುರ್ಮಾಸ್ಯ ನಿಮಗೆಲ್ಲ ಪರಿಚಿತವಾದದ್ದು. ಆಷಾಢ ಶುದ್ಧ ಏಕಾದಶಿಯಂದು ಶ್ರೀಮನ್ನಾರಾಯಣನೇ ಯೋಗನಿದ್ರೆಗೆ ಸಂದು ಕಾರ್ತಿಕ ಶುದ್ಧ ದ್ವಾದಶಿಯ ಹೊತ್ತಿಗೆ ಏಳುವನೆಂಬುದು ನಂಬಿಕೆ. ಸಕಲ ಲೋಕವನ್ನು ಆಳುವವನಿಗೇ ನಾಲ್ಕು ತಿಂಗಳ ನಿದ್ರೆಯನ್ನು ಕಲ್ಪಿಸಿದ ನಮ್ಮ ಪೂರ್ವಿಕರ ಧೈರ್ಯವನ್ನು ಮೆಚ್ಚಬೇಕು. ಯತಿಗಳು ಆಷಾಢ ಪೂರ್ಣಿಮೆಯ ಸುಮಾರಿಗೆ ಸಂಕಲ್ಪಮಾಡಿ ಒಂದೆಡೆ ನಿಲ್ಲುತ್ತಾರೆ. ಪಕ್ಷವನ್ನೇ ಮಾಸವೆಂದು ಎಣಿಸಿ ನಾಲ್ಕು ಪಕ್ಷಗಳಲ್ಲಿ, ಎಂದರೆ ಭಾದ್ರಪದ ಪೂರ್ಣಿಮೆಗೆ, ವ್ರತವನ್ನು ಮುಗಿಸಿ ಸೀಮೋಲ್ಲಂಘನ ಮಾಡುವುದು ನಮ್ಮ ನಾಡಿನ ಅನೇಕ ಮಠಗಳ ಪದ್ಧತಿ. ಗೃಹಸ್ಥರು ಶ್ರಾವಣದಲ್ಲಿ ತರಕಾರಿಯನ್ನು, ಭಾದ್ರಪದದಲ್ಲಿ ಮೊಸರನ್ನು, ಆಶ್ವಯುಜದಲ್ಲಿ ಹಾಲನ್ನು, ಕಾರ್ತಿಕದಲ್ಲಿ ದ್ವಿದಳಧಾನ್ಯವನ್ನು ಬಿಡುತ್ತಾರೆ. ನಾಲಗೆಗೂ ಒಂದು ವಿಶ್ರಾಂತಿ. ಹೀಗೆ ಎಲ್ಲಿ ನೋಡಿದರೂ ದೀರ್ಘವಿಶ್ರಾಂತಿಯು ಮನಬಂದಂತೆ ಬಿದ್ದುಕೊಂಡಿರುವುದಲ್ಲ. ಅದಕ್ಕೆ ಆದಿಯುಂಟು, ಅಂತ್ಯವುಂಟು, ದಾಟಕೂಡದ ಎಲ್ಲೆಯುಂಟು. ಅದು ಸೋಮಾರಿತನವಲ್ಲ, ವ್ರತ.

ಆ ಎಲ್ಲೆಯೊಳಗೆ ನಿಂತವನಿಗೆ ಏನಾಗುತ್ತದೆ? ದೊಡ್ಡವರ ಅನುಭವವನ್ನು ಹೇಳಲು ನಾವು ಅರ್ಹರಲ್ಲ. ಅಕ್ಕನ ಮನೆಯ ಜಗಲಿಯ ಮೇಲೆ ನಮಗೆ ಆದದ್ದನ್ನಷ್ಟೇ ಹೇಳಬಲ್ಲೆವು. ಪುಷ್ಯದ ಮಳೆ ಮುಗಿಯುವ ಹೊತ್ತಿಗೆ ಅಂಚೆ ಬಂತು. ಕಾಲೇಜಿನಲ್ಲಿ ಪಾಠಗಳು ಯಥಾಪ್ರಕಾರ ನಡೆಯುತ್ತಿವೆ, ಯಾವ ಚಿಂತೆಯೂ ಬೇಡ ಎಂದು ಮಿತ್ರರು ಬರೆದಿದ್ದರು. ನಾವಿಲ್ಲದೆ ಎಲ್ಲವೂ ಸರಿಯಾಗಿ ನಡೆಯುತ್ತಿದೆಯೆಂಬ ಆ ಶುಭವಾರ್ತೆಯನ್ನು ಓದಿ ನಮಗೆ ಅರ್ಧ ದಿವಸ ಊಟ ಸೇರಲಿಲ್ಲ. ಮರುದಿವಸ ಬೆಳಗ್ಗೆ ಏಳುವಾಗ ಮಾತ್ರ ಹೆಗಲಿನಿಂದ ಏನೋ ಇಳಿದಂತಿತ್ತು. ಲೋಕ ನಮ್ಮ ಹೆಗಲಿನ ಮೇಲೆ ನಿಂತಿಲ್ಲ. ವೇದಾಂತದ ಮೊದಲ ಪಾಠವೇ ಇದು. ಇದನ್ನು ನಾವು ಎಷ್ಟು ಸಲ ಓದಿದ್ದೆವು, ಎಷ್ಟು ಸಲ ಇತರರಿಗೆ ಹೇಳಿದ್ದೆವು! ಕಾರ್ಯನಿರತನಾದ ಮನುಷ್ಯನಿಗೆ ಈ ಮಾತು ಅರ್ಥವಾಗಬಹುದು. ನಂಬಿಕೆಯಾಗಬೇಕಾದರೆ ಅವನು ಕೆಲವು ಕಾಲ ಇಲ್ಲದಂತಿರಬೇಕು.

ಆಮೇಲೆ, ಆಶ್ಲೇಷಾ ಮಳೆಯ ದಿನಗಳಲ್ಲಿ, ಇನ್ನೊಂದು ಸಂಗತಿ ನಡೆಯಿತು. ಕೊಳದ ನೀರು ಕದಡುವುದು ನಿಂತರೆ ತಳ ಕಾಣುತ್ತದೆ ಎನ್ನುತ್ತಾರೆ. ತಳದಲ್ಲಿರುವುದೆಲ್ಲ ಮುತ್ತೇ ಆಗಿರಬೇಕಾಗಿಲ್ಲ. ನಮಗೆ ಕಂಡದ್ದು ಹಲವು ವರ್ಷಗಳ ಹಿಂದಿನ ಒಬ್ಬ ವಿದ್ಯಾರ್ಥಿಯ ಮುಖ. ಅವನು ದಿನವೂ ಮೊದಲನೆಯ ಪಾಠಕ್ಕೆ ತಡವಾಗಿ ಬರುತ್ತಿದ್ದ. ಒಂದು ದಿವಸ ನಾವು ಅವನನ್ನು ಬಾಗಿಲಲ್ಲಿಯೇ ನಿಲ್ಲಿಸಿ, ತರಗತಿಯೆಲ್ಲ ನಗುವಂತೆ ಒಂದು ಚಮತ್ಕಾರದ ಮಾತಾಡಿದೆವು. ಅವನು ಬೆಳಗಿನ ಜಾವ ಮನೆಮನೆಗೂ ವೃತ್ತಪತ್ರಿಕೆ ಹಾಕಿ, ಆ ಸಂಬಳದಿಂದ ಫೀಸು ಕಟ್ಟುತ್ತಿದ್ದನೆಂದು ಆಮೇಲೆ ತಿಳಿಯಿತು. ತಿಳಿದಾಗ, ಒಂದು ದಿನ ಕರೆದು ಮಾತಾಡಿಸೋಣವೆಂದುಕೊಂಡೆವು. ಬಿಡುವಾಗಲಿಲ್ಲ. ಪರೀಕ್ಷೆ ಬಂತು, ಅವನು ಹೊರಟುಹೋದ, ನಾವು ಮರೆತೆವು, ಅಥವಾ ಮರೆತೆವೆಂದುಕೊಂಡೆವು. ಇಷ್ಟು ವರ್ಷ ನಮ್ಮ ಬಿಡುವಿಲ್ಲದಿಕೆ ಅವನ ಮುಖವನ್ನು ನಮ್ಮಿಂದ ಮರೆಮಾಡಿತ್ತು. ಈಗ ಮಳೆಯ ಸದ್ದಿನಲ್ಲಿ, ಮಾಡುವುದಕ್ಕೆ ಏನೂ ಇಲ್ಲದ ಮಧ್ಯಾಹ್ನ, ಅವನು ಬಂದು ಬಾಗಿಲಲ್ಲಿ ನಿಂತ. ಓಡಿಹೋಗುವುದಕ್ಕೆ ನಮಗೆ ಯಾವ ಕೆಲಸವೂ ಇರಲಿಲ್ಲ.

ದೀರ್ಘವಿಶ್ರಾಂತಿಯ ಆಧ್ಯಾತ್ಮಿಕ ಮೂಲ್ಯ ಏನೆಂದು ಯಾರಾದರೂ ನಮ್ಮನ್ನು ಕೇಳಿದರೆ, ಇದೇ ಎಂದು ಹೇಳುತ್ತೇವೆ. ಅದು ಶಾಂತಿಯಿಂದ ಆರಂಭವಾಗುವುದಿಲ್ಲ. ಮೊದಲು ಚಡಪಡಿಕೆ, ಬಳಿಕ ಅಹಂಕಾರದ ಭಂಗ, ಬಳಿಕ ನಾವು ತುಳಿದದ್ದರ ನೆನಪು. ಇವನ್ನು ದಾಟಿದ ಮೇಲೆ ಬರುವುದೇ ಶಾಂತಿ. ಮೂರು ದಿನದ ರಜೆಯಲ್ಲಿ ಮೊದಲನೆಯದನ್ನೂ ದಾಟಲಾಗದು.

ವರ್ಷಾವಾಸವನ್ನು ಕುರಿತ ಎರಡನೆಯ ಪ್ರಸಂಗ ನಮಗೆ ಚೆನ್ನಾಗಿ ಮನದಟ್ಟಾದದ್ದು ಆ ಮೇಲೆ. ಅದೂ ಮಹಾವಗ್ಗದಲ್ಲಿಯೇ ಇದೆ. ಕೋಸಲದೇಶದಲ್ಲಿ ಕೆಲವು ಭಿಕ್ಷುಗಳು ಒಟ್ಟಿಗೆ ಮಳೆಗಾಲವನ್ನು ಕಳೆಯಬೇಕಾಗಿ ಬಂತು. ಜಗಳವಿಲ್ಲದೆ ಇರಲು ಉಪಾಯವೇನು? ಮೂರು ತಿಂಗಳು ಯಾರೂ ಮಾತನಾಡದೆ ಇರುವುದೆಂದು ಗೊತ್ತುಮಾಡಿಕೊಂಡರು. ಮೊದಲು ಬಂದವನು ಆಸನವನ್ನು ಹಾಸಿ, ಕಾಲು ತೊಳೆಯುವ ನೀರನ್ನು ಇಡುವುದು. ಸಹಾಯ ಬೇಕಾದರೆ ಕೈಸನ್ನೆ ಮಾಡುವುದು. ಮಾತು ಮಾತ್ರ ಕೂಡದು. ಮಳೆಗಾಲ ಕಳೆದ ಮೇಲೆ ಶ್ರಾವಸ್ತಿಗೆ ಹೋಗಿ, ತಾವು ಸುಖವಾಗಿ, ಒಗ್ಗಟ್ಟಾಗಿ ಇದ್ದೆವೆಂದು ಬುದ್ಧನಲ್ಲಿ ಅರಿಕೆಮಾಡಿದರು. ಅವನು ಮೆಚ್ಚಲಿಲ್ಲ. ಪಶುಗಳಂತೆ, ಕುರಿಗಳಂತೆ ಒಟ್ಟಿಗೆ ಬಿದ್ದಿದ್ದು ಸುಖವಾಗಿದ್ದೆವೆನ್ನುತ್ತಾರಲ್ಲ ಎಂದು ಗದರಿಸಿ, ಪ್ರವಾರಣೆಯೆಂಬ ವಿಧಿಯನ್ನು ಏರ್ಪಡಿಸಿದನು. ವರ್ಷಾವಾಸದ ಕೊನೆಯ ದಿನ ಪ್ರತಿಯೊಬ್ಬ ಭಿಕ್ಷುವೂ, ಹಿರಿಯನಾದವನು ಕೂಡ, ಸಂಘದ ಮುಂದೆ ಕುಳಿತು ಕೈಮುಗಿದು, ತನ್ನಲ್ಲಿ ಕಂಡ, ಕೇಳಿದ, ಸಂದೇಹಪಟ್ಟ ದೋಷವೇನಾದರೂ ಇದ್ದರೆ ಹೇಳಬೇಕೆಂದು ಬೇಡಬೇಕು.

ನೋಡಿ, ಎಂಥ ಮುಕ್ತಾಯ! ಮೂರು ತಿಂಗಳು ನಿಂತವನು ಗಳಿಸಿದ ಫಲವೆಂದರೆ ತನ್ನ ತಪ್ಪನ್ನು ಕೇಳುವ ಶಕ್ತಿ. ಬರಿಯ ಮೌನವಾಗಲಿ, ಬರಿಯ ನೆಮ್ಮದಿಯಾಗಲಿ ವಿಶ್ರಾಂತಿಯ ಗುರಿಯಲ್ಲ. ಇಷ್ಟೇ ಅಲ್ಲದೆ, ಆ ಮೂರು ತಿಂಗಳಲ್ಲಿಯೂ ಜೊತೆಯ ಭಿಕ್ಷುವಿಗೆ ಕಾಯಿಲೆಯಾದರೆ, ತಾಯಿತಂದೆಗಳಿಗೆ ಕಾಯಿಲೆಯಾದರೆ, ಏಳು ದಿನಗಳ ಮಟ್ಟಿಗೆ ಎಲ್ಲೆಯನ್ನು ದಾಟಿ ಹೋಗಲು ಅನುಮತಿ ಉಂಟು. ಇತರರ ನೋವಿಗೆ ಬಾಗಿಲು ಹಾಕಿ ಪಡೆದ ವಿಶ್ರಾಂತಿ ಧರ್ಮಕ್ಕೆ ಸಮ್ಮತವಲ್ಲವೆಂದಾಯಿತು.

ಈಗ ನಮ್ಮ ಕಥೆಯ ಕೊನೆಯನ್ನು ಹೇಳಬೇಕು. ಮಖೆ ಮಳೆ ಮುಗಿಯುತ್ತ ಬಂತು. ನಾವು ಹೊರಡುವ ದಿನವೂ ಬಂತು. ಮೈಯಲ್ಲಿ ಶಕ್ತಿ ತುಂಬಿತ್ತು, ಮನಸ್ಸು ಹಗುರವಾಗಿತ್ತು. ಹೊರಡುವ ಹಿಂದಿನ ರಾತ್ರಿ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಅಕ್ಕನ ಸಂಗಡ ಮಾತಾಡುತ್ತಿದ್ದೆವು. ಒಲೆಯ ಹಸಿ ಸೌದೆ ಹೊಗೆಯುತ್ತಿತ್ತು. ನಾಟಿಯ ಕಾಲದಲ್ಲಿ ಇಪ್ಪತ್ತು ಆಳಿಗೆ ಅನ್ನ ಬೇಯಿಸಿದವಳು, ಅದರ ನಡುವೆ ನಮಗೆ ಹೊತ್ತುಹೊತ್ತಿಗೆ ಗಂಜಿ, ಕಷಾಯ, ಬಿಸಿನೀರು ಒದಗಿಸಿದವಳು ಅವಳು. ಎರಡು ತಿಂಗಳಲ್ಲಿ ಅವಳು ಹಗಲಿನಲ್ಲಿ ಒಂದು ಸಲ ಮಲಗಿದ್ದನ್ನು ನಾವು ಕಂಡಿರಲಿಲ್ಲ. ಕಂಡಿಲ್ಲವೆಂಬುದು ಕೂಡ ಆ ರಾತ್ರಿಯವರೆಗೆ ನಮಗೆ ಹೊಳೆದಿರಲಿಲ್ಲ. "ಅಕ್ಕಾ, ನಿನಗೆ ವಿಶ್ರಾಂತಿ ಯಾವಾಗ?" ಎಂದು ಕೇಳಿದೆವು. ಅವಳು ಊದುಗೊಳವೆಯನ್ನು ಕೆಳಗಿಟ್ಟು, ನಕ್ಕು, "ನನಗೂ ನಿನ್ನ ಹಾಗೆ ಜ್ವರ ಬರಬೇಕಷ್ಟೆ ಕಣೋ" ಎಂದಳು.

ಅವಳು ಚುಚ್ಚಿ ಹೇಳಿದ ಮಾತಲ್ಲ ಅದು. ಆದರೆ ನಮ್ಮ ಪ್ರವಾರಣೆ ಅಲ್ಲಿಯೇ ಆಯಿತು. ಎರಡು ತಿಂಗಳು ನಾವು ನಿಂತದ್ದು ನಿಜ. ನಾವು ನಿಂತ ನೆಲದಡಿಯಲ್ಲಿ ಇನ್ನೊಬ್ಬರ ಬೆನ್ನಿತ್ತು.

ಈ ವಿಚಾರದಲ್ಲಿ ಹೀಬ್ರೂ ಜನರ ಧರ್ಮಶಾಸ್ತ್ರ ಬಹು ಸ್ಪಷ್ಟವಾಗಿ ಮಾತನಾಡುತ್ತದೆ. ಏಳನೆಯ ದಿನದ ವಿಶ್ರಾಂತಿ ಮನೆಯ ಯಜಮಾನನಿಗೆ ಮಾತ್ರವಲ್ಲ. ಗಂಡಾಳಿಗೆ, ಹೆಣ್ಣಾಳಿಗೆ, ಎತ್ತಿಗೆ, ಕತ್ತೆಗೆ, ಊರಿಗೆ ಬಂದ ಪರದೇಶಿಗೂ ಸಲ್ಲಬೇಕು. ಏಳನೆಯ ವರ್ಷ ಹೊಲವನ್ನೇ ಬೀಳು ಬಿಡಬೇಕು. ಅದರಲ್ಲಿ ತಾನಾಗಿ ಬೆಳೆದದ್ದನ್ನು ಬಡವರು ತಿನ್ನಬೇಕು, ಅವರು ಬಿಟ್ಟದ್ದನ್ನು ಕಾಡುಮೃಗಗಳು ತಿನ್ನಬೇಕು. ಅದೇ ಏಳನೆಯ ವರ್ಷ ಸಾಲಗಾರನ ಸಾಲವನ್ನೂ ಬಿಡಬೇಕು. ಈ ವಿಧಿಗಳು ವಿಮೋಚನಕಾಂಡ, ಯಾಜಕಕಾಂಡ, ಧರ್ಮೋಪದೇಶಕಾಂಡಗಳಲ್ಲಿವೆ. ಈ ಏಳನೆಯ ವರ್ಷದ ಹೆಸರನ್ನೇ ಹಿಡಿದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ೧೮೮೦ರಲ್ಲಿ ತನ್ನ ಪ್ರಾಧ್ಯಾಪಕರಿಗೆ ದೀರ್ಘ ರಜೆಯನ್ನು ಏರ್ಪಡಿಸಿತು. ಅಲ್ಲಿಂದ ಆ ಪದ್ಧತಿ ಅನೇಕ ವಿಶ್ವವಿದ್ಯಾನಿಲಯಗಳಿಗೆ ಹಬ್ಬಿತು. ನಮ್ಮಂಥ ಅಧ್ಯಾಪಕರಿಗೆ ಇದು ಸಂತೋಷದ ವಾರ್ತೆಯೇ ಸರಿ. ಆದರೆ ಹೊಲದಿಂದ ವಿದ್ಯಾಶಾಲೆಗೆ ಬರುವ ದಾರಿಯಲ್ಲಿ ಆಳು, ಎತ್ತು, ಸಾಲಗಾರ, ಪರದೇಶಿ ಎಲ್ಲರೂ ಕೈಬಿಟ್ಟುಹೋದರು, ಪ್ರಾಧ್ಯಾಪಕನೊಬ್ಬ ಉಳಿದುಕೊಂಡ. ಉಳಿದ ಅವನೂ ರಜೆ ಮುಗಿದಾಗ ಎಷ್ಟು ಪುಟ ಬರೆದೆಯೆಂದು ಲೆಕ್ಕ ಒಪ್ಪಿಸಬೇಕಾಗುತ್ತದೆ.

ದೂರದ ಶಾಸ್ತ್ರವೇಕೆ? ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಕೂಡದೆಂಬ ಕಟ್ಟಳೆ ಬಹುಕಾಲದಿಂದ ನಡೆದುಬಂದಿದೆ. ಎತ್ತು ಶಿವನ ವಾಹನ, ಸೋಮವಾರ ಶಿವನ ದಿನ. ಬಿತ್ತನೆಯ ಹದ ತಪ್ಪುವಂತಿದ್ದರೂ ಆ ದಿನ ಎತ್ತನ್ನು ಹೂಡದೆ ಇದ್ದ ರೈತರುಂಟು. ಅಕ್ಷರವರಿಯದ ರೈತ ತನ್ನ ಲಾಭಕ್ಕೆ ಎದುರಾಗಿ ಮೂಕಪ್ರಾಣಿಗೆ ಸಲ್ಲಿಸಿದ ಈ ಋಣ ಯಾವ ವೇದಾಂತಕ್ಕೆ ಕಡಿಮೆ? ಸರಕಾರವೂ ೧೯೪೮ರ ಕಾರ್ಖಾನೆಗಳ ಕಾಯಿದೆಯಲ್ಲಿ ಕೂಲಿಗಾರನಿಗೆ ವಾರಕ್ಕೊಂದು ದಿನದ ಬಿಡುವನ್ನೂ, ಗೊತ್ತಾದ ಅವಧಿ ದುಡಿದವನಿಗೆ ಇಪ್ಪತ್ತು ದಿನಕ್ಕೆ ಒಂದು ದಿನದಂತೆ ಸಂಬಳಸಹಿತವಾದ ರಜೆಯನ್ನೂ ವಿಧಿಸಿತು. ಎತ್ತಿಗೆ ಸೋಮವಾರ ಬಂತು. ಕೂಲಿಗಾರನಿಗೆ ಕಾಯಿದೆ ಬಂತು. ವೇದಪಾಠಶಾಲೆಯ ವಟುವಿಗೆ ಪಾಡ್ಯ, ಅಷ್ಟಮಿ, ಚತುರ್ದಶಿಗಳ ಅನಧ್ಯಯನ ಬಂತು. ನಮ್ಮ ಅಕ್ಕನ ಒಲೆಗೆ ಮಾತ್ರ ಯಾವ ಶಾಸ್ತ್ರವೂ ಯಾವ ಕಾಯಿದೆಯೂ ಅನಧ್ಯಯನವನ್ನು ಹೇಳಲಿಲ್ಲ. ವ್ರತದ ದಿನಗಳೆಂದರೆ ಅಲ್ಲಿ ಕೆಲಸ ಇಮ್ಮಡಿ.

ಆದಕಾರಣ ದೀರ್ಘವಿಶ್ರಾಂತಿಯನ್ನು ಬಯಸುವವರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕೆಂದು ನಮಗೆ ತೋರುತ್ತದೆ. ಮನಸ್ಸು ದೇಹವನ್ನು ಬಂದು ಕೂಡಿಕೊಳ್ಳುವಷ್ಟು ಅದು ದೀರ್ಘವಾಗಿರಬೇಕು. ಊರೂರು ತಿರುಗುವ ವಿಹಾರವಾಗದೆ, ಒಂದು ನೆಲೆಯೂ ಒಂದು ನಿಯಮವೂ ಅದಕ್ಕಿರಬೇಕು. ಮೂರನೆಯದಾಗಿ, ಅದರ ಭಾರವನ್ನು ಹೊರುವವರು ಯಾರೆಂಬುದನ್ನು ಮೊದಲೇ ಕೇಳಿಕೊಂಡು, ಅವರ ಸರದಿ ಬಂದಾಗ ನಾವು ಹೆಗಲು ಕೊಡಬೇಕು. ಎಲ್ಲರಿಗೂ ನಾಲ್ಕು ತಿಂಗಳು ಸಿಕ್ಕದೆಂಬುದನ್ನು ನಾವು ಬಲ್ಲೆವು. ಸಿಕ್ಕದೆ ಇರುವವರೇ ಹೆಚ್ಚು. ಆದರೆ ಸಿಕ್ಕಿದವರು ಅದನ್ನು ತಮ್ಮ ಗಳಿಕೆಯೆಂದು ತಿಳಿಯದೆ ಸಾಲವೆಂದು ತಿಳಿದರೆ, ಸಿಕ್ಕದವರಿಗೂ ಒಂದು ದಿನ ಸಿಕ್ಕೀತು.

ಮೈಸೂರಿಗೆ ಹಿಂದಿರುಗಿದ ಮೇಲೆ ನಾವು ಎರಡು ಕೆಲಸ ಮಾಡಿದೆವು. ಆ ಹಳೆಯ ವಿದ್ಯಾರ್ಥಿಯ ವಿಳಾಸವನ್ನು ಪತ್ತೆಮಾಡಿ ಒಂದು ಕಾಗದ ಬರೆದೆವು. ಉತ್ತರ ಬಂತು, ಅದರಲ್ಲಿದ್ದುದು ನಮಗೂ ಅವನಿಗೂ ಸೇರಿದ್ದು. ಎರಡನೆಯದು, ಮರುವರ್ಷದ ಬೇಸಗೆಯ ರಜೆಯಲ್ಲಿ ಅಕ್ಕನನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆವು. ಒಂದು ತಿಂಗಳ ಮಟ್ಟಿಗೆ ಅವಳು ಒಲೆಯ ಹತ್ತಿರ ಸುಳಿಯಕೂಡದೆಂದು ಕರಾರು. ಅಡಿಗೆಯಲ್ಲಿ ನಮ್ಮ ಮನೆಯವರಿಗೆ ನಾವೇ ಕೈ ನೆರವಾದೆವು; ಹುಳಿಗೆ ಎರಡು ಸಲ ಉಪ್ಪು ಬಿತ್ತು. ಮೊದಲ ಎರಡು ವಾರ ಅಕ್ಕ ಬೆಳಗಿನ ಜಾವ ನಾಲ್ಕು ಗಂಟೆಗೇ ಎದ್ದು, ಮಾಡಲು ಕೆಲಸವಿಲ್ಲದೆ, ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ನಾವು ನಗುತ್ತ, "ಅಕ್ಕಾ, ನೀನು ಇನ್ನೂ ಊರು ಮುಟ್ಟಲಿಲ್ಲ" ಎಂದೆವು. ಮೂರನೆಯ ವಾರದಲ್ಲಿ ಒಂದು ದಿನ ಕಾಫಿಯಾದ ಮೇಲೂ ಅವಳು ಏಳಲಿಲ್ಲ. ಹೋಗಿ ನೋಡಿದರೆ ಕಿಟಕಿಯ ಬಿಸಿಲು ಕಾಲಿನ ಮೇಲೆ ಬಿದ್ದಿತ್ತು. ಅವಳು ಮಗುವಿನಂತೆ ಮಲಗಿ ನಿದ್ರಿಸುತ್ತಿದ್ದಳು. ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಮಾಡಿಕೊಂಡು ಬಂದೆವು.

ಈಗ ನಮ್ಮ ಮಾತನ್ನು ಕೇಳುತ್ತಿರುವ ಮನೆಗಳಲ್ಲಿಯೂ, ಒಳಗೆ ಅಡಿಗೆಮನೆಯಲ್ಲಿ ಯಾರೋ ಪಾತ್ರೆಯ ಸದ್ದು ಮಾಡುತ್ತಿರಬಹುದು. ಅವರಿಗೂ ಈ ಸಂಜೆಯ ವಿಶ್ರಾಂತಿಯಲ್ಲಿ ಪಾಲು ದೊರೆಯಲೆಂದು ಹಾರೈಸುತ್ತೇವೆ.